ಕಂಪ್ಯೂಟರನ್ನು ಮಗ್ಗುಲಿಗೆ ಮಲಗಿಸಿದ್ದು

ಇಪ್ಪತ್ತಾರು ವರ್ಷಗಳಿಂದ ನಾನು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ದಿವಾನದ ಮೇಲೆ ಎಡಮಗ್ಗುಲಿಗೆ ಮಲಗಿ ವಾರಪತ್ರಿಕೆ ಓದುತ್ತಾ ಬಂದವಳು. ಕೂತು ಓದಿದರೆ ಪರೀಕ್ಷೆಗೆ ಓದಿದ ಹಾಗಾಗುತ್ತದೆ. ಪತ್ರಿಕೆ ಇನ್ನು ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ ಎಂದು ತಿಳಿದಾಗ ಒಂಟಿಕೊಪ್ಪಲಿನ ನಮ್ಮ ಬೀದಿಯ ಹೆಂಗಸರೆಲ್ಲ ಕಂಗಾಲಾದರು. ನಾನು ಆಗಲಿಲ್ಲ. ಅಕ್ಷರ ಅದೇ, ಕಣ್ಣೂ ಅದೇ!

ಕಳೆದ ಭಾನುವಾರ ನಾಲ್ಕು ಗಂಟೆಗೆ ತುಮಕೂರಿನವರು ನಮ್ಮ ಮಗಳು ರಶ್ಮಿಯನ್ನು ವಿಡಿಯೊ ಕರೆಯಲ್ಲಿ ನೋಡುವವರಿದ್ದರು. ಜಾತಕ ಕೂಡಿತ್ತು. ಹುಡುಗನ ಫೋಟೊ ನೋಡಿ ಇವಳು ಮೊದಲ ಬಾರಿಗೆ ‘ಬೇಡ’ ಅಂದಿರಲಿಲ್ಲ. ಎಲ್ಲರೂ ಒಟ್ಟಿಗೆ ಕಾಣಲಿ ಎಂದು ಯಜಮಾನರು ನಡುಮನೆಯ ಕಂಪ್ಯೂಟರನ್ನು ಒರೆಸಿ ಅಣಿ ಮಾಡಿ, ಕ್ಷೌರಕ್ಕೆ ಹೋದರು. ಎರಡು ಗಂಟೆ ಸಮಯವಿತ್ತು. ಒಂದು ಧಾರಾವಾಹಿಯ ಕಂತು ಮುಗಿಸಬಹುದಲ್ಲ!

ದಿವಾನವನ್ನು ಮೇಜಿನ ಪಕ್ಕಕ್ಕೆ ಎಳೆದು ಮಲಗಿದೆ. ನಾನು ಅಡ್ಡ, ಅಕ್ಷರ ನೆಟ್ಟಗೆ. ಎರಡು ಸಾಲಿಗೆ ಕಣ್ಣಲ್ಲಿ ನೀರು ಬಂತು. ಎದ್ದು ಅಲ್ಲಿ ಇಲ್ಲಿ ಒತ್ತಿ ಹುಡುಕಿದಾಗ ಪರದೆಯನ್ನೇ ತಿರುಗಿಸುವ ಸೌಕರ್ಯ ಸಿಕ್ಕಿತು. ತಿರುಗಿಸಿದೆ. ‘ಹೀಗೇ ಇರಲೇ?’ ಎಂದು ಕಂಪ್ಯೂಟರ್ ಕೇಳಿತು. ಈ ಮನೆಯಲ್ಲಿ ಇಷ್ಟು ವಿನಯವಾಗಿ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಇರಲಿ ಅಂದೆ!

ಆಹಾ, ಎಂಥ ಸುಖ! ಕಂತು ಮುಗಿಯಿತು. ಮೂರೂವರೆ. ಪರದೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಕೂತೆ. ಮೌಸನ್ನು ಬಲಕ್ಕೆ ತಳ್ಳಿದರೆ ಬಾಣ ಮೇಲಕ್ಕೆ ಹತ್ತಿತು. ಮೇಲಕ್ಕೆ ತಳ್ಳಿದರೆ ಎಡಕ್ಕೆ ಓಡಿತು. ಒಳಗೆ ಸೀರೆ ಉಡುತ್ತಿದ್ದ ರಶ್ಮಿಯನ್ನು ಕರೆದಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ‘ಇವತ್ತೊಂದು ದಿನ ಅದನ್ನ ಮುಟ್ಬೇಡ ಕಣಮ್ಮ’ ಎಂದು ಬೆಳಿಗ್ಗೆಯೇ ಎರಡು ಸಲ ಹೇಳಿದ್ದಳು. ಮಾನ ಮುಖ್ಯ. ಕರೆಯಲಿಲ್ಲ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಯಜಮಾನರು ಕುರ್ಚಿಯಲ್ಲಿ ಕೂತರು.

“ಏನೇ ಇದು! ಯಾಕೆ ಹಿಂಗೆ ಅಡ್ಡ ಬಿದ್ದಿದೆ?”

“ರೀ, ಸ್ವಲ್ಪ ಓದ್ತಾ ಇದ್ದೆ...”

“ಓದಿದ್ರೆ ಹಿಂಗಾಗುತ್ತೇನೇ?”

ಅಷ್ಟರಲ್ಲಿ ಕರೆ ಬಂದೇಬಿಟ್ಟಿತು. ಗಾಬರಿಯಲ್ಲಿ ಇವರು ಏನನ್ನೋ ಒತ್ತಿದರು. ತುಮಕೂರಿನವರು ಪ್ರತ್ಯಕ್ಷರಾದರು, ಮೂವರೂ ಗೋಡೆಗೆ ಅಂಟಿದ ಹಲ್ಲಿಗಳಂತೆ ಅಡ್ಡಡ್ಡ!

“ಕಟ್ ಮಾಡಿ ಮತ್ತೆ ಮಾಡೋಣ್ವಾ?” ಎಂದು ಪಿಸುಗುಟ್ಟಿದೆ.

“ಮೊದಲನೇ ಕರೇನೇ ಕಟ್ ಮಾಡ್ತಾರೇನೇ? ಅಪಶಕುನ! ಸುಮ್ನೆ ನೋಡು.”

ನೋಡುವುದಾದರೂ ಹೇಗೆ? ಇವರು ಕತ್ತನ್ನು ಎಡಕ್ಕೆ ವಾಲಿಸಿದರು. ನಾನೂ ವಾಲಿಸಿದೆ. ರಶ್ಮಿ ಬಂದು ಕೂತು, ಪರದೆ ನೋಡಿ, ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ತಾನೂ ವಾಲಿಸಿದಳು. ನಮ್ಮ ಕ್ಯಾಮೆರಾ ಮಾತ್ರ ನೆಟ್ಟಗೇ ಇತ್ತು ಎಂಬುದು ನನಗಾಗ ಹೊಳೆಯಲಿಲ್ಲ.

ಗೋತ್ರ, ಓದು, ಅಡುಗೆ ಎಲ್ಲ ವಿಚಾರವಾಯಿತು. ಹುಡುಗನ ತಾಯಿಯ ದೃಷ್ಟಿ ಮಾತ್ರ ನಮ್ಮ ಕತ್ತುಗಳ ಮೇಲೇ ಇತ್ತು. ಕಡೆಗೆ ಅವರು ಗಂಟಲು ಸರಿಮಾಡಿಕೊಂಡು, “ತಪ್ಪು ತಿಳ್ಕೋಬೇಡಿ. ಮೂರು ಜನಕ್ಕೂ ಒಂದೇ ಕಡೆ ಇದೆಯಲ್ಲ, ಇದು ನಿಮ್ಮ ವಂಶದಲ್ಲಿ ಮೊದಲಿಂದ ಇರೋದಾ?” ಎಂದರು.

ಸಂಬಂಧ ಹೋಯಿತು! ನನ್ನ ಒಂದು ಕಂತಿನ ಸುಖಕ್ಕೆ ಮಗಳ ಮದುವೆ ಹೋಯಿತು!

ರಶ್ಮಿ ಕತ್ತನ್ನು ನೆಟ್ಟಗೆ ಮಾಡಿದಳು. “ವಂಶದ್ದಲ್ಲ ಆಂಟಿ. ನಮ್ಮಮ್ಮ ಮಲಗಿಕೊಂಡು ಓದೋಕೆ ಕಂಪ್ಯೂಟರನ್ನೂ ಮಲಗಿಸಿಬಿಟ್ಟಿದ್ದಾರೆ. ನೀವೆಲ್ಲ ನಮಗೆ ಅಡ್ಡಡ್ಡ ಕಾಣ್ತಾ ಇದ್ದೀರಿ.”

ತುಮಕೂರಿನವರು ಮುಖ ಮುಖ ನೋಡಿಕೊಂಡರು. ಆಮೇಲೆ ಹುಡುಗ ನಕ್ಕು, ನಮಗೆ ಅನುಕೂಲವಾಗಲೆಂದು ತನ್ನ ಕತ್ತನ್ನು ವಾಲಿಸಿ ಕೂತ. ಆ ಒಂದು ಮುಖ ನಮಗೆ ನೆಟ್ಟಗೆ ಕಂಡಿತು. ರಶ್ಮಿ ನಾಚಿ ತಲೆ ತಗ್ಗಿಸಿದಳು.

ಮುಂದಿನ ಭಾನುವಾರ ಅವರು ಖುದ್ದಾಗಿ ಬರುತ್ತಾರಂತೆ. ಕರೆ ಮುಗಿಸುವ ಮುನ್ನ ಹುಡುಗನ ಅಜ್ಜಿ ಹಿಂದಿನಿಂದ ಇಣುಕಿ, “ಎಲ್ಲಿ, ಆ ಮಲಗಿಕೊಂಡು ಓದೋ ಹೆಂಗಸು ಯಾರಮ್ಮ? ಅವಳನ್ನೂ ತೋರಿಸಿ” ಎಂದು ಕೇಳಿ, ನನ್ನನ್ನು ಚೆನ್ನಾಗಿ ನೋಡಿಕೊಂಡರು.

ವಧುಪರೀಕ್ಷೆ ಮಗಳದ್ದು. ಫೇಲಾದವಳು ನಾನು!