ಹಯಾತ್ ಸಾಬರ ಟೈಮ್ ಟೇಬಲ್ಲೂ ಮದುಮಗನ ಅಂಗಿಯೂ

"ಇನ್ನ ಮ್ಯಾಲೆ ನನ್ನ ಬಾಯಾಗೆ 'ನಾಳೆ ಬರ್ರಿ' ಅನ್ನೋ ಮಾತು ಬಂದ್ರೆ, ಈ ಕತ್ತರೀಲೇ ನನ್ನ ಮೀಸೆ ಕತ್ತರಿಸಿಬಿಡು!"

ಹರಿಹರದ ಟೈಲರ್ ಹಯಾತ್ ಸಾಬರು ಹೀಗೆ ಘೋಷಿಸಿದಾಗ, ಗುಂಡಿ ಹಚ್ಚುತ್ತಿದ್ದ ಹೆಂಡತಿ ಹಜೀರಾಬೀ ತಲೆ ಕೂಡ ಎತ್ತಲಿಲ್ಲ. "ಇದು ಯಾವತ್ತಿಂದ? ನಾಳೆಯಿಂದಾನಾ?" ಎಂದಳು.

ಅವಳ ತಪ್ಪೇನೂ ಇಲ್ಲ ಬಿಡಿ. ಇಪ್ಪತ್ತು ವರ್ಷದಲ್ಲಿ ಸಾಬರು ಒಂದು ಬಟ್ಟೆಯನ್ನೂ ಹೇಳಿದ ದಿನಕ್ಕೆ ಕೊಟ್ಟವರಲ್ಲ. ಅಳತೆ ಕೊಟ್ಟ ಹುಡುಗ ಬೆಳೆದುಬಿಟ್ಟು, ಚಡ್ಡಿ ಅವನ ತಮ್ಮನ ಪಾಲಾಗುತ್ತಿತ್ತು! ಆದರೆ ಈ ಸಲ ದಾವಣಗೆರೆಯ ವ್ಯಾಪಾರಿ ನಾಗರಾಜಪ್ಪನವರು ಮಗನ ಮದುವೆಯ ರೇಷ್ಮೆ ಅಂಗಿ ಹೊಲಿಯಲು ಕೊಟ್ಟು ಗದರಿಸಿ ಹೋಗಿದ್ದರು. "ಭಾನುವಾರ ಮದುವಿ. ಶನಿವಾರ ಸಂಜಿಗೆ ಅಂಗಿ ಸಿಗಲಿಲ್ಲಾಂದ್ರೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತಲ್ಲ ಸಾಬ್ರೇ!" ಹಳೇ ಗಿರಾಕಿ. ಕಳೆದುಕೊಳ್ಳುವಂತಿರಲಿಲ್ಲ.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಟೈಮ್ ಟೇಬಲ್ ಮೂಡಿತು. ಏಳಕ್ಕೆ ಕತ್ತರಿ, ಒಂಬತ್ತಕ್ಕೆ ಮಿಷಿನ್, ಚಹಾ ಎರಡೇ ಸಲ! ಬುಧವಾರವೇ ರೇಷ್ಮೆ ಕತ್ತರಿಸಿ, ತೋಳು, ಕಾಲರ್ ಎಲ್ಲ ಸುತ್ತಿ, ಒಂದು ಚಿಂದಿಯಿಂದ ಬಿಗಿದು ಮೂಲೆಯಲ್ಲಿಟ್ಟರು. ಗುರುವಾರ 'ಅಂಗಡಿ ಸ್ವಚ್ಛ'. ವರ್ಷಗಟ್ಟಲೆ ಬಿದ್ದಿದ್ದ ಚಿಂದಿಗಂಟುಗಳನ್ನೆಲ್ಲ, ಕೌದಿ ಹೊಲಿಯುವ, ಪಕ್ಕದ ಸಾರಥಿ ಹಳ್ಳಿಯ ಕೊಟ್ರವ್ವನ ತಲೆಯ ಮೇಲೆ ಹೊರಿಸಿ ಕಳಿಸಿದರು. ಅಂಗಡಿ ಥಳಥಳ!

ಶುಕ್ರವಾರ ಒಂಬತ್ತಕ್ಕೆ ಸರಿಯಾಗಿ ಮಿಷಿನ್ ಮುಂದೆ ಕೂತರು. ಮೂಲೆ ಖಾಲಿ! ಚಿಂದಿಗಂಟುಗಳ ಜೊತೆ ಮದುಮಗನ ಅಂಗಿಯೂ ಸಾರಥಿಗೆ ಹೋಗಿತ್ತು.

"ಭಾಳ ಚೊಕ್ಕ ಆಯ್ತಲ್ರೀ ಅಂಗಡಿ! ಇನ್ನ ಹುಡುಗನ್ನ ಬನೀನಿನಾಗೇ ಹಸೆಮಣಿಗೆ ಕೂಡ್ರಿಸ್ರಿ!" ಎಂದಳು ಹಜೀರಾಬೀ.

ಸಾಬರು ಸೈಕಲ್ ತುಳಿದುಕೊಂಡು ಸಾರಥಿಗೆ ಹಾರಿದರು. ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಕೊಟ್ರವ್ವ ಕೂತಿದ್ದಳು. ಟೆರಿಲಿನ್ ಚಿಂದಿಗಳ ನಡುವೆ ಎರಡು ರೇಷ್ಮೆ ತೋಳು ಮಿರಮಿರ ಮಿಂಚುತ್ತಿದ್ದವು!

"ಆಗ್ಲೇ ಹೊಲಿದುಬಿಟ್ಯಾ ಕೊಟ್ರವ್ವಾ?"

"ನಾಳಿಗೆ ಕೊಡ್ತೀನಂತ ಮಾತು ಕೊಟ್ಟೀನಿ ಸಾಬ್ರೇ. ನಾನೇನ್ ಟೈಲರ್ರಾ, ತಡ ಮಾಡಾಕೆ?"

ಸಾಬರು ಅಲ್ಲೇ ಕಟ್ಟೆಯ ಮೇಲೆ ಹೊಲಿಗೆ ಬಿಚ್ಚಲು ಕೂತರು. ಪುಣ್ಯಾತ್ಗಿತ್ತಿ, ಅವಳೂ ಕೈಜೋಡಿಸಿದಳು. ಆಮೇಲೆ ಟೈಮ್ ಟೇಬಲ್ ಇಲ್ಲ, ಚಹಾ ಇಲ್ಲ. ಶನಿವಾರ ನಾಲ್ಕಕ್ಕೆ ಅಂಗಿ ಇಸ್ತ್ರಿಯಾಗಿ ನಿಂತಿತು. ಜೀವಮಾನದಲ್ಲಿ ಮೊದಲ ಸಲ! ಹಜೀರಾಬೀಯ ಕಣ್ಣು ಕೂಡ ತೇವವಾಯಿತು.

ಆರಾದರೂ ನಾಗರಾಜಪ್ಪನವರ ಪತ್ತೆಯಿಲ್ಲ. ಸಾಬರೇ ಬಸ್ಸು ಹತ್ತಿ ದಾವಣಗೆರೆಯ ಸರಸ್ವತಿ ನಗರಕ್ಕೆ ಓಡಿದರು. ಮನೆ ಮುಂದೆ ಚಪ್ಪರವಿಲ್ಲ, ತೋರಣವಿಲ್ಲ. ನಾಗರಾಜಪ್ಪನವರು ಆರಾಮಾಗಿ ಮಂಡಕ್ಕಿ ಮೆಲ್ಲುತ್ತಿದ್ದರು. ಅಂಗಿ ಕಂಡದ್ದೇ ಕೆಮ್ಮು ಹತ್ತಿತು.

"ಇಷ್ಟು ಲಗೂನ ತಂದ್ರಾ! ಮದುವಿ ಮುಂದಿನ ತಿಂಗಳು ಐತೆ ಸಾಬ್ರೇ. ಊರಿಗೆಲ್ಲ ಒಂದು ತಾರೀಖು, ನಿಮಗೆ ಮಾತ್ರ ಬ್ಯಾರೆ ತಾರೀಖು ಹೇಳಿದ್ದೆ!"

ಸಾಬರು ಧೊಪ್ಪನೆ ಜಗುಲಿಯ ಮೇಲೆ ಕುಸಿದರು. ನಾಗರಾಜಪ್ಪನವರಿಗೆ ಪಾಪ ಅನ್ನಿಸಿತು. "ಬೇಜಾರಾಗಬ್ಯಾಡ್ರಿ. ಇವತ್ತಿಂದ ನಿಮಗೂ ಖರೇ ತಾರೀಖೇ ಹೇಳ್ತೀನಿ."

ಸಾಬರು ಗಾಬರಿಯಿಂದ ಎರಡೂ ಕೈ ಎತ್ತಿ ಮುಗಿದರು. "ಅಯ್ಯೋ, ಬ್ಯಾಡ್ರೀ ಸಾವ್ಕಾರ್ರೇ! ಅಭ್ಯಾಸ ಗಟ್ಟಿ ಆಗೋ ತನಕ ಸುಳ್ಳು ತಾರೀಖೇ ಇರ್ಲಿ!"