ಪತ್ತಾರನ ಮಗಳ ಪ್ಲಾಟಿನಂ

ನನ್ನ ಕೆಲಸ ಏನೆಂದು ಯಾರಿಗಾದರೂ ಬಿಡಿಸಿ ಹೇಳಿದೆನೋ, ಅಲ್ಲಿಂದ ಮುಂದೆ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಹಾನಗಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಿಡುವಾದಾಗ ಧಾರವಾಡದ ಪ್ರಯೋಗಾಲಯಕ್ಕೆ ಹೋಗಿ, ಗಾಜಿನ ಬಿಲ್ಲೆಯ ಮೇಲೆ ಪ್ಲಾಟಿನಂ ಲೇಪಿಸಿ, ಆ ಲೇಪದ ಮೈಗುಣ ನೋಡುತ್ತೇನೆ. ಅದರ ದಪ್ಪ ನಾಲ್ಕೈದು ಪರಮಾಣುಗಳಷ್ಟೇ. ಆದರೂ ತನ್ನ ಮೇಲೆ ಬಂದು ಕೂತ ಅನಿಲಗಳನ್ನು ಅದು ಕೂಡಿಸಿ, ಬೇರೆಯದೇ ರೂಪ ಕೊಟ್ಟು ಕಳಿಸುತ್ತದೆ. ತಾನು ಮಾತ್ರ ಹಾಗೇ ಉಳಿಯುತ್ತದೆ.

ನಮ್ಮಪ್ಪ ಸವಣೂರಿನಲ್ಲಿ ಪತ್ತಾರ, ಬಂಗಾರ ಬೆಳ್ಳಿ ಕೆಲಸದವನು. ಕೈಗೆ ಭಾರ ಹತ್ತದ್ದು ಅವನ ಲೆಕ್ಕದಲ್ಲಿ ಲೋಹವೇ ಅಲ್ಲ. ಐದು ವರ್ಷದಿಂದ ನನ್ನ ಸಂಶೋಧನೆಗೆ ಅವನಿಟ್ಟ ಹೆಸರು ‘ಗಾಜಿನ ಉಸಾಬರಿ’. ಇದೂ ಒಂದು ಕೆಲಸ ಎಂದು ಅಪ್ಪ ಒಪ್ಪಬೇಕು, ನನಗೆ ಬೇಕಾದದ್ದು ಅಷ್ಟೇ. ಸಂಶೋಧನೆಗೆ ಮಾರ್ಗದರ್ಶಕರಾದ ನಮ್ಮ ಸರ್ ಕೊಡಿಸುವ ಪದವಿಗಿಂತ ಅದೇ ದೊಡ್ಡದಾಗಿತ್ತು.

ಬಸ್ಸಿನಲ್ಲಿ

ಒಮ್ಮೆ ಧಾರವಾಡದಿಂದ ಬರುವಾಗ ಬಿಲ್ಲೆಯ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಹಿರೇಕೆರೂರಿಗೆ ಹೊರಟಿದ್ದ ಹಿರಿಯ ಹೆಂಗಸು. ಶಿಗ್ಗಾಂವಿ ಹತ್ತಿರ ಬರುವತನಕ ತಡೆದುಕೊಂಡರು, ಆಮೇಲೆ ಆಗಲಿಲ್ಲ.

“ಏನೈತಿ ಯವ್ವಾ ಅದರಾಗ?”

“ಪ್ಲಾಟಿನಂ ಐತ್ರಿ. ಬಂಗಾರದಂಥಾದ್ದ.”

“ಎಷ್ಟ ತೊಲಿ?”

“ತೊಲಿ ಎಲ್ಲೀದ್ರಿ, ತಕ್ಕಡ್ಯಾಗ ಇಟ್ರ ಮುಳ್ಳ ಅಳ್ಳಾಡೂದಿಲ್ಲ. ನೋಡಾಕ ಅಷ್ಟ ಕಾಣತೈತಿ.”

ಅವರು ನಿಟ್ಟುಸಿರು ಬಿಟ್ಟು ಹೇಳಿದರು: “ನಮ್ಮ ಬೀಗರು ಮದುವ್ಯಾಗ ಹಾಕಿದ್ದೂ ಇದ ಇರಬೇಕು.”

ಚಹದಂಗಡಿಯಲ್ಲಿ

ಶಿಗ್ಗಾಂವಿಯಲ್ಲಿ ಬಸ್ ಬದಲಿಸುವಾಗ ಚಾಚಾನ ಅಂಗಡಿಯಲ್ಲಿ ಚಹ ಕುಡಿಯುತ್ತೇನೆ. ಒಂದು ದಿನ ಬಹಳ ಸಪ್ಪಗಿದ್ದೆ. ಏನಾತು ಎಂದು ಚಾಚಾ ಕೇಳಿದ. ಪ್ಲಾಟಿನಂ ಮೇಲೆ ಒಂದು ಜಾತಿಯ ಕೆಟ್ಟ ಅನಿಲ ಬಂದು ಕೂತರೆ ಏಳುವುದೇ ಇಲ್ಲ, ಬೇರೆಯವರಿಗೆ ಜಾಗ ಬಿಡುವುದಿಲ್ಲ, ಕೆಲಸವೆಲ್ಲ ನಿಂತುಹೋಗುತ್ತದೆ ಎಂದೆ.

ಚಾಚಾ ಮೂಲೆಯ ಬೆಂಚಿನತ್ತ ನೋಡಿದ. ನಿವೃತ್ತ ಮಾಸ್ತರರೊಬ್ಬರು ಬೆಳಗಿನ ಅರ್ಧ ಕಪ್ ಚಹದ ಮುಂದೆ ಕೂತು ಪೇಪರ್ ಓದುತ್ತಿದ್ದರು. ಆಗ ಮಧ್ಯಾಹ್ನ ಒಂದೂವರೆ.

“ಅದನ್ನ ಹೆಂಗ ಎಬ್ಬಸ್ತೀರಿ ಮೇಡಂ?” ದನಿ ತಗ್ಗಿಸಿ ಕೇಳಿದ.

“ಕಾಸಿದ್ರ ತಾನ ಎದ್ದ ಹೋಕ್ಕೈತಿ.”

ಮುಂದಿನ ವಾರ ಹೋದರೆ ಒಲೆ ಆ ಬೆಂಚಿನ ಪಕ್ಕಕ್ಕೇ ಬಂದಿತ್ತು. ಚಳಿಗಾಲ ಬೇರೆ. ಮಾಸ್ತರರು ಕೈ ಕಾಸಿಕೊಳ್ಳುತ್ತ ಕೂತಿದ್ದರು, ಜೊತೆಗೆ ಬಂಕಾಪುರದ ಇಬ್ಬರು ಗೆಳೆಯರು.

“ಭಾಳ ಛಲೋ ವ್ಯವಸ್ಥಾ ಮಾಡೀದಿ” ಎಂದು ಮಾಸ್ತರರು ಹೊಗಳುತ್ತಿದ್ದರು. ಚಾಚಾ ನನಗೆ ಚಹ ಕೊಡುವಾಗ ಮುಖ ನೋಡಲಿಲ್ಲ.

ಅಪ್ಪನ ಪರೀಕ್ಷೆ

ಕಳೆದ ತಿಂಗಳು ಸರ್‌ ಅವರನ್ನು ಕಾಡಿ ಬೇಡಿ ಒಂದು ಬಿಲ್ಲೆಯನ್ನು ಮನೆಗೆ ತಂದೆ. ಸೋಮವಾರ ವಾಪಸ್ ಕೊಡಬೇಕು.

“ಅಪ್ಪಾ, ಮುಟ್ಟಬ್ಯಾಡ. ಕಣ್ಣೀಲೆ ಅಷ್ಟ ನೋಡು” ಎಂದು ಅವನ ಮುಂದಿಟ್ಟು ಕೈಕಾಲು ತೊಳೆಯಲು ಹೋದೆ. ಅಷ್ಟೇ ನನ್ನ ತಪ್ಪು. ಪತ್ತಾರನ ಮುಂದೆ ಲೋಹ ಇಟ್ಟರೆ ಅವನ ಕೈ ಒರೆಗಲ್ಲಿಗೆ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಬಂದು ನೋಡಿದರೆ ಅರ್ಧ ಬಿಲ್ಲೆ ಉಜ್ಜಿ ಆಗಿತ್ತು. ಅಪ್ಪನ ಕಣ್ಣಲ್ಲಿ ನೀರು.

“ಯವ್ವಾ, ನಿನಗ ಯಾರೋ ಮೋಸ ಮಾಡ್ಯಾರ. ಇದು ಬರೇ ಗಾಜು. ಐದು ವರ್ಷ ಅಷ್ಟು ಮಂದ್ಯಾಗ ಒಬ್ಬರೂ ಒರಿ ಹಚ್ಚಿ ನೋಡ್ಲಿಲ್ಲೇನು?”

ನನಗೆ ಅಳು ಬಂತು, ಸಿಟ್ಟೂ ಬಂತು. ಗಾಯ ತೊಳೆಯುವ ಪೆರಾಕ್ಸೈಡ್ ಬಾಟಲಿ ತಂದೆ. ಉಜ್ಜಿದ ಕಡೆ ಒಂದು ಹನಿ ಬಿಟ್ಟೆ, ಸುಮ್ಮನೆ ಕೂತಿತು. ಉಜ್ಜದ ಕಡೆ ಬಿಟ್ಟೆ, ಗುಳುಗುಳು ಗುಳ್ಳೆ ಎದ್ದವು.

“ಗುಳ್ಳಿ ಎಬ್ಬಸಾಕತ್ತಿದ್ದು ಪ್ಲಾಟಿನಂ, ಅಪ್ಪಾ. ಈ ಕಡೀದು ನಿನ್ನ ಕಲ್ಲಿಗೆ ಹತ್ತೇತಿ.”

ಅಪ್ಪ ಬಹಳ ಹೊತ್ತು ಆ ಗುಳ್ಳೆಗಳನ್ನೇ ನೋಡಿದ. “ಐವತ್ತ ವರ್ಷ ಬಡದೇನಿ. ಇಷ್ಟ ತೆಳ್ಳಗ ನನ್ನ ಕೈಲೆ ಎಂದೂ ಬರಲಿಲ್ಲ, ಯವ್ವಾ” ಎಂದ.

ಹಾಳಾದ ಬಿಲ್ಲೆಯ ಚಿಂತೆ ಹಾರಿಹೋಯಿತು. ನನಗಾದ ಸಂತೋಷ ಹೇಳತೀರದು. ಆದರೆ ಅಪ್ಪನ ಮುಖ ಬಾಡಿತು.

“ಇದು ಯಾರದು?”

“ನಮ್ಮ ಸರ್‌ದು.”

ಅಪ್ಪ ಒರೆಗಲ್ಲಿನ ಮೇಲೂ ಒಂದು ಹನಿ ಬಿಟ್ಟ. ಅಲ್ಲೂ ನೊರೆ ಬಂತು. “ಐತಿ, ಇಲ್ಲೇ ಐತಿ” ಎಂದು ಉಸಿರು ಬಿಟ್ಟ. ಐವತ್ತು ವರ್ಷ ಆ ಕಲ್ಲಿಗೆ ಉಜ್ಜಿದ ಬೆಳ್ಳಿಗೂ ಹಾಗೆ ನೊರೆ ಬರುತ್ತದೆ. ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಚೀಲ ಯಾಕೋ ಭಾರವಾಗಿತ್ತು. ಒಡವೆ ಕಟ್ಟಿಕೊಡುವ ಗುಲಾಬಿ ಕಾಗದದಲ್ಲಿ ಸುತ್ತಿದ ಒರೆಗಲ್ಲು ಒಳಗಿತ್ತು.

“ನಿಮ್ಮ ಸರ್‌ಗ ಕೊಡು” ಎಂದ ಅಪ್ಪ. “ಪತ್ತಾರ ಒಂದು ಕಣಾನೂ ಇಟ್ಕೊಂಡಿಲ್ಲ ಅಂತ ಹೇಳು. ತಮ್ಮದು ತಕ್ಕೊಂಡು ಕಲ್ಲ ಲಗೂನ ತಿರುಗಿ ಕಳಸ್ರಿ ಅನ್ನು, ನನ್ನ ಅಂಗಡಿ ನಿಂತೈತಿ.”