ಎಂಟನೇ ಭಾಗದ ಮದುವೆ

ಶಿವಮೊಗ್ಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕಾಮಿಕ್ಸಿನ ಎಂಟನೇ ಭಾಗ ಕೈಗೆ ಬಂದಾಗ ಪ್ರಸನ್ನಕುಮಾರನ ಮುಖ ಹಳಸಿದ ಚಿತ್ರಾನ್ನ ತಿಂದವನಂತಾಯಿತು. ರಕ್ಷಾಪುಟದಲ್ಲಿ ನೀಲಗರುಡನೂ ಬಿಜಲಿರಾಣಿಯೂ ಹಾರ ಬದಲಾಯಿಸಿಕೊಳ್ಳುತ್ತಿದ್ದರು. ಅವನು ಹೇಳಿಕೊಂಡು ಬಂದ ಕತೆಯಲ್ಲಿ ಅವರು ಅಣ್ಣ ತಂಗಿ.

ಬೇರೆ ಬೇರೆ ಪುಸ್ತಕಗಳಲ್ಲಿ ಒಬ್ಬೊಬ್ಬರೇ ಲೋಕ ಕಾಪಾಡುತ್ತಿದ್ದ ಐವರು ವೀರರು ಒಂದೇ ಮಹಾಕತೆಯಲ್ಲಿ ಸೇರಿದ ಹಿಂದಿ ಕಾಮಿಕ್ಸ್ ಅದು. ಅವನಿಗೆ ಹಿಂದಿ ಬರುತ್ತಿರಲಿಲ್ಲ, ಚಿತ್ರಕ್ಕಾಗಿ ಕೊಂಡಿದ್ದ. ಭದ್ರಾವತಿ ನ್ಯೂ ಟೌನಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಬೀರಪ್ಪ, "ಏನ್ ಕತೆ ಮಾರಾಯ ಅದು?" ಎಂದು ಕೇಳಿದಾಗ, ಗೊತ್ತಿಲ್ಲವೆನ್ನಲು ನಾಚಿ ಚಿತ್ರ ನೋಡಿ ಅಣ್ಣ ತಂಗಿ, ಕತ್ತಲರಾಯನೆಂಬ ರಾಕ್ಷಸ ಎಂದು ಬಾಯಿಗೆ ಬಂದದ್ದು ಹೇಳಿದ. ಏಳು ತಿಂಗಳಲ್ಲಿ ಇಡೀ ವಿಭಾಗ ಅವನ ಸುತ್ತ ಬುತ್ತಿ ಬಿಚ್ಚತೊಡಗಿತು. ಅದಕ್ಕೆ ಮೊದಲು ಹನ್ನೊಂದು ವರ್ಷ ಅವನು ಕಿಟಕಿಗೆ ಮುಖಮಾಡಿ ಒಬ್ಬನೇ ಉಂಡವನು. ಈಗ ಪದ್ಮಮ್ಮ ಅವನಿಗೆಂದೇ ಪಲ್ಯ ಎತ್ತಿಡುತ್ತಿದ್ದರು. ಸುಳ್ಳು ಬಯಲಾದರೆ ಮತ್ತೆ ಆ ಕಿಟಕಿಯೇ ಗತಿ.

ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಬಸ್ಸು ಹತ್ತಿದ.

"ಈ ತಿಂಗಳು ಬಂದಿಲ್ವಂತೆ," ಎಂದ ಊಟಕ್ಕೆ ಕೂತಾಗ.

"ಸುಳ್ಳು," ಎಂದಳು ಟೈಪಿಸ್ಟ್ ವೀಣಾ. "ಬೆಳಿಗ್ಗೆ ನಾನೇ ನೋಡ್ದೆ, ತಗೊಂಡ್ರಿ."

"ಅಂಗಿ ಯಾಕೆ ಮಾರಾಯ ಹಲಗೆ ಕಟ್ಟಿದಂಗಿದೆ?" ಎನ್ನುತ್ತ ಬೀರಪ್ಪ ಕೈಹಾಕಿ ಎಳೆದೇಬಿಟ್ಟ. ರಕ್ಷಾಪುಟ ಎಲ್ಲರ ಕಣ್ಣಿಗೆ ಬಿತ್ತು. ಪದ್ಮಮ್ಮನ ತುತ್ತು ಕೈಯಲ್ಲೇ ಉಳಿಯಿತು.

"ಅಯ್ಯೋ ಶಿವನೇ. ಒಡಹುಟ್ಟಿದೋರಿಗೆ ಮದುವೆನಾ?"

ಪ್ರಸನ್ನಕುಮಾರ ಕಿಟಕಿಯ ಕಡೆ ನೋಡಿದ.

"ಹಿಂದಿ ಸೆಕ್ಷನ್ನಿನ ಮೂರ್ತಿಗಳು ಇಲ್ಲೇ ಇದಾರಲ್ಲ, ಅವರೇ ಓದಲಿ," ಎಂದ ಬೀರಪ್ಪ. ಮೂಲೆಯ ಮೇಜಿನಲ್ಲಿ ಯಾರೊಂದಿಗೂ ಮಾತಾಡದೆ ಉಣ್ಣುವ ಅನುವಾದಕ ಶ್ರೀನಿವಾಸಮೂರ್ತಿ ಕೈ ತೊಳೆದು ಬಂದರು. ಕೊನೆಯವರೆಗೂ ಪುಟ ತಿರುವಿದರು. ಆ ಐದು ನಿಮಿಷ ಪ್ರಸನ್ನಕುಮಾರನಿಗೆ ಹನ್ನೊಂದು ವರ್ಷಕ್ಕಿಂತ ಉದ್ದವಾಯಿತು.

"ಇದು ನಾಟಕದ ಮದುವೆ," ಎಂದರು ಮೂರ್ತಿ. "ಕತ್ತಲರಾಯನ ಹಿಡಿಯೋಕೆ ಅಣ್ಣ ತಂಗಿ ಹೂಡಿದ ಉಪಾಯ."

"ಒಳಗೆ ರಾಕ್ಷಸ ಎಲ್ಲೂ ಕಾಣಲ್ವಲ್ಲ ಸಾರ್?" ಬೀರಪ್ಪ ಬಗ್ಗಿ ನೋಡಿದ.

"ಪುರೋಹಿತನ ವೇಷದಲ್ಲಿದ್ದಾನೆ. ಗಡ್ಡ ನೋಡಿ, ಅಂಟಿಸಿದ್ದು."

ಎಲ್ಲರೂ ಗಡ್ಡ ನೋಡಿ ಒಪ್ಪಿದರು. ಪದ್ಮಮ್ಮ ನೆಮ್ಮದಿಯಿಂದ ತುತ್ತು ಬಾಯಿಗಿಟ್ಟರು. "ಮುಂದಿನ ತಿಂಗಳಿಂದ ಇದರ ಮುಂದಿನ ಕತೆ, ಹನ್ನೆರಡು ಭಾಗ. ಕೊನೇ ಪುಟದಲ್ಲಿ ಹಾಕಿದಾರೆ," ಎಂದು ಮೂರ್ತಿ ಪುಸ್ತಕ ಮುಚ್ಚಿದರು.

ವರಾಂಡದಲ್ಲಿ ಪ್ರಸನ್ನಕುಮಾರ ಅವರ ಎರಡೂ ಕೈ ಹಿಡಿದುಕೊಂಡ. "ನನ್ನ ಉಳಿಸಿದ್ರಿ ಸಾರ್. ಈ ಉಪಕಾರ ಮರೆಯಲ್ಲ. ನಿಜವಾಗಿ ಅದರಲ್ಲಿ ಏನಿತ್ತು?"

"ಮದುವೆನೇ. ಮೊದಲಿಂದಲೂ ಪ್ರೀತಿ ಅವರಿಗೆ."

"ಮತ್ತೆ ನೀವ್ಯಾಕೆ..."

"ಏಳು ತಿಂಗಳಿಂದ ಮೂಲೇಲಿ ಕೂತು ಕೇಳ್ತಿದೀನಿ ಕಣಪ್ಪ. ಅವರ ಕತೆಗಿಂತ ನಿಂದೇ ಚೆನ್ನಾಗಿದೆ."

ಅವನ ಕಣ್ಣು ತುಂಬಿತು. "ಸದ್ಯ, ಇನ್ನೂ ಹನ್ನೆರಡು ಪುಸ್ತಕ ಬರ್ತಾವಲ್ಲ."

"ಎಲ್ಲಿ ಬರ್ತಾವೆ? ಕಾಮಿಕ್ಸ್ ಕಂಪನಿನೇ ಮುಚ್ತಾ ಇದಾರಂತೆ, ಕೊನೇ ಪುಟದಲ್ಲಿ ಇರೋದು ಅದು. ನಂಗೂ ಒಬ್ಬನೇ ಉಣ್ಣೋದು ಬೇಜಾರಾಗಿತ್ತು, ಕತೆ ನಿಲ್ಲಬಾರದು ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

ಅಷ್ಟರಲ್ಲಿ ಪದ್ಮಮ್ಮ ಒಳಗಿನಿಂದ ಕೂಗಿದರು. "ಪ್ರಸನ್ನ, ಮುಂದಿನ ತಿಂಗಳವರೆಗೆ ತಡೆಯೋಕಾಗಲ್ಲಪ್ಪ. ಆ ಕತ್ತಲರಾಯನಿಗೆ ತಾಯಿ ಇದ್ದಾಳಾ?"

ಪ್ರಸನ್ನಕುಮಾರ ಮೂರ್ತಿಯ ಮುಖ ನೋಡಿದ. ಮೂರ್ತಿ ಗೋಡೆ ನೋಡಿದರು.

"ಇದ್ದಾಳಮ್ಮ," ಎಂದ ಪ್ರಸನ್ನಕುಮಾರ.